ಅವ್ವನ ಕಾವಲಲ್ಲಿ ಶುಂಠಿ ಬಿಯರು

ನಮ್ಮ ಅವ್ವನ ಮಂಚದ ಕೆಳಗೆ ಬಿಯರ್ ಬಾಟಲಿಗಳಿವೆ ಎಂಬ ಸುದ್ದಿ ಬೀದರಿನಿಂದ ಭಾಲ್ಕಿ ತಲುಪಲು ಒಂದು ಹಗಲೂ ಹಿಡಿಯಲಿಲ್ಲ.

ಭಾಲ್ಕಿಯ ಅಕ್ಕ ಫೋನ್ ಮಾಡಿದಳು. "ತಮ್ಮಾ, ಅವ್ವನ ಮಂಚದ ಬುಡಕ ಏನಿಟ್ಟಿದಿ?" ಧ್ವನಿ ಥೇಟ್ ಪೊಲೀಸರದ್ದು.

ಅವಳಿಗೆ ಹೇಳಿದ್ದನ್ನೇ ನಿಮಗೂ ಹೇಳುತ್ತೇನೆ, ಗಾಬರಿಯಾಗಬೇಡಿ. ಅದು ಶುಂಠಿ ಬಿಯರು. ಶುಂಠಿ, ಸಕ್ಕರೆ, ನಿಂಬೆಹಣ್ಣು, ನೀರು. ಹುಳಿಬಂದ ಮೇಲೆ ಬಾಟಲಿಗೆ ತುಂಬಿ, ಬಿಗಿಯಾಗಿ ಮುಚ್ಚಿ, ತಂಪು ಜಾಗದಲ್ಲಿ ಇಟ್ಟುಬಿಡಬೇಕು. ಒಳಗೇ ಗ್ಯಾಸ್ ಕಟ್ಟಿಕೊಳ್ಳುತ್ತದೆ. ತೆರೆದಾಗ ಬುಸ್ ಎನ್ನಬೇಕು. (ನಮ್ಮ ಮನೆಯಲ್ಲಿ ತಂಪು ಜಾಗ ಎಂದರೆ ಅವ್ವನ ಮಂಚದ ಕೆಳಗೆ ಮಾತ್ರ.)

ಶುಂಠಿ ಮಾವನ ಹೊಲದ್ದು. ಮಾವ ಎಂದರೆ ಹೆಂಡತಿಯ ತಂದೆ, ಔರಾದ್ ಕಡೆಯ ಸಂತಪುರದವರು. ಶುಂಠಿ ಇರುವುದು ಚಹಾಕ್ಕೆ ಎಂದು ನಂಬಿದವರು. ಅದರಿಂದ ಬಿಯರು ಮಾಡುತ್ತೇನೆ ಎಂದಾಗ ಹತ್ತು ಜನರೆದುರು ನಕ್ಕರು. ಮಾಡ್ರಿ, ಬಂದು ಕುಡಿದೇ ನೋಡ್ತೇನಿ ಎಂದರು.

ನಮ್ಮ ಕಡೆ ಅಳಿಯನಿಗೆ ಮರ್ಯಾದೆಗೇನೂ ಕಡಿಮೆ ಇಲ್ಲ. ಕೂರಲು ಒಳ್ಳೆಯ ಕುರ್ಚಿ, ತಾಟಿನ ತುಂಬ ಊಟ. ಆದರೆ ಇಷ್ಟು ವರ್ಷಗಳಲ್ಲಿ ಈ ಮಾವ ನನ್ನ ಯಾವ ಕೆಲಸಕ್ಕೂ 'ಛಲೋ ಆಗ್ಯಾದ' ಎಂದವರಲ್ಲ. ಒಮ್ಮೆಯಾದರೂ ಅನ್ನಿಸಬೇಕಲ್ಲ? ಮಂಚದ ಕೆಳಗೆ ಇದ್ದದ್ದು ಬಿಯರಲ್ಲ, ನನ್ನ ಇಜ್ಜತ್ತು.

ಹಗಲು ನಾನು ಊರ ಹೊರಗೆ ಕೊಳಾರದ ಫ್ಯಾಕ್ಟರಿಯಲ್ಲಿರುತ್ತೇನೆ. ಬಾಟಲಿಗಳ ಕಾವಲಿಗೆ ಅವ್ವನೇ ಸರಿ ಎನಿಸಿತು. ಅವಳ ಮಾವಿನಕಾಯಿ ಉಪ್ಪಿನಕಾಯಿಗೆ ನಮ್ಮ ಓಣಿಯೇ ಬಾಯಿ ಬಿಡುತ್ತದೆ. ಭರಣಿಗೆ ಬಟ್ಟೆ ಕಟ್ಟಿದಳೆಂದರೆ ಮಾಗುವ ತನಕ ಯಾರೂ ಹತ್ತಿರ ಸುಳಿಯುವಂತಿಲ್ಲ. ಕಾಯುವುದರಲ್ಲಿ ಅವಳಿಗಿಂತ ದೊಡ್ಡವರು ಯಾರಿದ್ದಾರೆ? ಬಾಟಲಿ ಕೆಡದಂತೆ ನೋಡಿಕೋ ಎಂದೆ. ಆಯಿತು ಎಂದಳು.

ಸಂಜೆ ಬಂದವನೇ ಮಂಚದ ಕೆಳಗೆ ತಲೆ ತೂರಿಸಿ ಬಾಟಲಿ ಒತ್ತಿ ನೋಡುತ್ತಿದ್ದೆ. ಪ್ಲಾಸ್ಟಿಕ್ ಬಾಟಲಿ, ಗ್ಯಾಸ್ ತುಂಬಿದರೆ ಕಲ್ಲಿನಷ್ಟು ಗಟ್ಟಿಯಾಗಬೇಕು. ಆಗಲಿಲ್ಲ. ಮರುದಿನವೂ ಮೆತ್ತಗೆ. ವಾರ ಕಳೆದರೂ ಮೆತ್ತಗೆ. ಸಕ್ಕರೆ ಕಡಿಮೆಯಾಯಿತೇ? ಚಳಿ ಹೆಚ್ಚಾಯಿತೇ? ವಿಡಿಯೋ ಮೇಲೆ ವಿಡಿಯೋ ನೋಡಿದೆ. ಹೆಂಡತಿಗೆ ರೋಸಿಹೋಯಿತು. "ಸ್ವಲ್ಪ ಸಬರ್ ಮಾಡ್ರಿ. ಒತ್ತಿ ಒತ್ತಿ ಅದರ ಜೀವಾನೇ ತೆಗಿತೀರಿ," ಎಂದಳು.

ಭಾನುವಾರ ಮಾವ ಬಂದರು. ಭಾಲ್ಕಿಯಿಂದ ಅಕ್ಕನೂ ಬಂದಳು (ತನಿಖೆಗೆ). ನಾನು ಬಾಟಲಿಗೆ ಟವೆಲ್ ಸುತ್ತಿ, ಎಲ್ಲರನ್ನೂ ಹಿಂದೆ ಸರಿಸಿ, ಮುಖ ಪಕ್ಕಕ್ಕೆ ತಿರುಗಿಸಿ ಮುಚ್ಚಳ ತಿರುವಿದೆ.

ಬುಸ್ ಇಲ್ಲ. ಟುಸ್ ಕೂಡ ಇಲ್ಲ. ಇನ್ನೊಂದು ತೆಗೆದೆ, ಮತ್ತೊಂದು ತೆಗೆದೆ. ಎಲ್ಲ ತೆಪ್ಪಗಿದ್ದವು. ನನಗೆ ನಿಂತಲ್ಲೇ ನೆಲ ಬಿರಿಯಬಾರದೇ ಎನಿಸಿತು.

ಆಗ ಅವ್ವ ಬಾಯಿ ಬಿಟ್ಟಳು. "ಕೆಟ್ಟಿಲ್ಲಲ್ಲಾ? ದಿನಾ ಮುಂಜಾನಿ ಮುಚ್ಚಳ ತಗದು, ಅಳ್ಳಾಡಿಸಿ ಇಟ್ಟೀನಿ. ಮೊದಮೊದಲು ಬುಸ್ ಬುಸ್ ಅಂತಿತ್ತು. ಹೊಟ್ಟಿಯೊಳಗಿನ ಕೆಟ್ಟ ಗಾಳಿ ಎಲ್ಲಾ ಬಿಟ್ಟೀನಿ ನೋಡು."

ಉಪ್ಪಿನಕಾಯಿಗೆ ದಿನಾ ಕೈಯಾಡಿಸದಿದ್ದರೆ ಬೂಷ್ಟು ಹಿಡಿಯುತ್ತದೆ. ಅವ್ವ ಬಿಯರನ್ನೂ ಅಷ್ಟೇ ಅಕ್ಕರೆಯಿಂದ ಸಾಕಿದ್ದಳು! ನಾನು ಸಂಜೆಯೆಲ್ಲ ಕಾಯುತ್ತಿದ್ದ ಗ್ಯಾಸನ್ನು ಅವಳು ಮುಂಜಾನೆಯೇ ಹೊರಗೆ ಕಳಿಸಿರುತ್ತಿದ್ದಳು.

ಅಕ್ಕ ನಗುತ್ತಾ ನೆಲಕ್ಕೇ ಕುಳಿತಳು. ಹೆಂಡತಿ ಸೆರಗು ಬಾಯಿಗಿಟ್ಟುಕೊಂಡಳು. ಮಾವ ಮಾತ್ರ ನಗಲಿಲ್ಲ. ಗ್ಲಾಸ್ ಎತ್ತಿ, ನಿಧಾನವಾಗಿ ಕುಡಿದು, ಕೆಳಗಿಟ್ಟರು. ಶುಂಠಿ ಛಲೋ ಅದ ಎಂದರು. (ಗಮನಿಸಿ, ಶುಂಠಿ ಅವರದ್ದು.) ಆಮೇಲೆ ಗ್ಲಾಸನ್ನು ನನ್ನ ಕಡೆ ಸರಿಸಿದರು. "ಇನ್ನಷ್ಟು ಹಾಕ್ರಿ ಅಳಿಯಂದ್ರ. ಮುಂದಿನ ಸಲ ಬಾಟಲಿ ನಮ್ಮ ಮನಿಗಿ ಕಳಸ್ರಿ. ಇಲ್ಲಿ ಕಾಯೋ ಮಂದಿ ಭಾಳ ಆಗ್ಯಾರ."

ಎರಡನೇ ಗ್ಲಾಸು! ನನಗೆ ಎಷ್ಟು ಖುಷಿಯಾಯಿತು ಎಂದರೆ ಬಗ್ಗಿಸುವಾಗ ಅರ್ಧ ಮೇಜಿನ ಮೇಲೆ ಚೆಲ್ಲಿತು.

ಯೋಚಿಸಿದರೆ ನಾವೆಲ್ಲ ಅವ್ವನ ಜಾತಿಯೇ. ಸುಮ್ಮನೆ ಕಾಯಲು ನಮಗೆ ಬರುವುದಿಲ್ಲ. ಅನ್ನ ಬೇಯುವಾಗ ತಟ್ಟೆ ಎತ್ತಿ ನೋಡುತ್ತೇವೆ. ಬೀಜ ಊರಿ ಮರುದಿನವೇ ಮಣ್ಣು ಕೆದಕುತ್ತೇವೆ. ಹೊಸ ಸೊಸೆಗೆ ತಿಂಗಳು ತುಂಬುವುದರೊಳಗೆ ವಿಶೇಷ ಏನು ಎಂದು ಕೇಳುತ್ತೇವೆ. ಕೆಡಿಸಬೇಕೆಂದಲ್ಲ, ಪ್ರೀತಿಗೇ. ಆದರೆ ಕೆಲವಕ್ಕೆ ನಮ್ಮ ಪ್ರೀತಿಗಿಂತ ಬಿಗಿಯಾದ ಮುಚ್ಚಳವೇ ಹೆಚ್ಚು ಬೇಕು.

ಹೊಸ ಬಾಟಲಿಗಳು ಈಗ ಸಂತಪುರದಲ್ಲಿವೆ. ಗಟ್ಟಿಯಾಗಿವೆಯೇ ಎಂದು ಮುಂಜಾನೆ ಒಮ್ಮೆ, ಸಂಜೆ ಒಮ್ಮೆ ಫೋನ್ ಮಾಡಿ ಕೇಳುತ್ತಿದ್ದೇನೆ. ನಿನ್ನೆ ಮಾವ ಹೇಳಿದರು:

"ಬಾಟಲಿ ಗಟ್ಟಿ ಆಗ್ಯಾವ್ರಿ. ನೀವು ಯಾವಾಗ ಆಗ್ತೀರಿ?"