ತಂಗಿ ಮಾಡಿದ್ದಕ್ಕೆ ನಾನು ಹೆಸರಿಡಲಿಲ್ಲ

ಎಳೆ ಹರಿದ ಕೂಡಲೇ ಮಗ್ಗ ನಿಲ್ಲಿಸುವ ಸಾಧನವೊಂದನ್ನು ತಂಗಿ ವಿಶ್ವವಿದ್ಯಾಲಯದಲ್ಲಿ ಮಾಡಿ, ಪರೀಕ್ಷೆಗೆಂದು ಬನಹಟ್ಟಿಯ ನಮ್ಮ ಪಾವರ್‌ಲೂಮಿಗೆ ಕಟ್ಟಿ ಹೋದಳು. ನೂಲಿನ ಧೂಳು ಕುಳಿತರೆ ಸಾಕು, ಎಳೆ ಹರಿಯದಿದ್ದರೂ ಅದು ಮಗ್ಗ ನಿಲ್ಲಿಸುತ್ತಿತ್ತು. ನಾನು ಅದರ ವೈರು ಕಿತ್ತಿಟ್ಟೆ. ಅವಳು ಫೋನಿನಲ್ಲಿ ಕೇಳಿದಾಗಲೆಲ್ಲ "ಛಲೋ ನಡದೈತಿ" ಎಂದೆ. ಆ ಮಾತು ನಂಬಿ ವಿಶ್ವವಿದ್ಯಾಲಯದವರು ಊರಿನ ಎಷ್ಟೋ ಮಗ್ಗಗಳಿಗೆ ಅದನ್ನು ಕೂರಿಸಿದರು. ವಾರದೊಳಗೆ ನೇಕಾರರೆಲ್ಲ ಬಿಚ್ಚಿಟ್ಟರು.

ತಂಗಿ ಊರಿಗೆ ಬಂದಳು.

"ಯಾಕ ಸುಳ್ಳ ಹೇಳಿದಿ ಅಣ್ಣಾ?"

"ನೀ ಮಾಡಿದ್ದಕ್ಕ ಹೆಸರಿಡಾಕ ಮನಸ್ಸಾಗಲಿಲ್ಲವ್ವಾ."

"ನೀ ಹೆಸರಿಡ್ತಿ ಅಂತನ ನಿನ್ನ ಮಗ್ಗಕ್ಕ ಕಟ್ಟಿದ್ನಿ. ಊರ ಮಂದಿಗೆಲ್ಲಾ ತಪ್ಪ ತಗಿಯಾಂವ, ನನಗಷ್ಟ ಬಿಟ್ಟಿಯೇನ?"

ತಲೆ ತಗ್ಗಿಸಿ ಒಂದೊಂದೇ ತಪ್ಪು ಹೇಳತೊಡಗಿದೆ. ಅವಳು, "ಮತ್ತೇನೈತಿ, ಹೇಳ" ಎನ್ನುತ್ತ ನನ್ನ ಕಪ್ಪಿಗೆ ಚಹಾ ಬಗ್ಗಿಸಿದಳು.