ಬಾನೆಟ್ ಮೇಲಿನ ಅರಿಶಿನ

ಎರಡು ವರ್ಷದ ಹಿಂದಿನ ಜನವರಿ, ಭಾನುವಾರ ಮಧ್ಯಾಹ್ನ. ರೊಟ್ಟಿ ಬಡಿಯುತ್ತಿದ್ದೆ. ಫೋನು ಬಂತು, ಹಿಟ್ಟಿನ ಕೈಯಲ್ಲೇ ಎತ್ತಿದೆ.

“ಗಾಡಿಗಿ ನಂಬರ್ ಬರ್ಲಿಲ್ಲ,” ಎಂದರು ಕಾರ್ ಶೋಗೆ ಹೋಗಿದ್ದ ನನ್ನವರು. “ಬಾನೆಟ್ ಮ್ಯಾಲಿನ ಹಳದಿ ಕಲಿ ಕಂಡ್ತು ಜಡ್ಜ್ ಮಂದಿಗಿ.”

ಹಂಚಿನ ಮೇಲಿನ ರೊಟ್ಟಿ ಹೊತ್ತಿದ್ದು ವಾಸನೆ ಬಂದ ಮೇಲೆ ತಿಳಿಯಿತು.

ನನ್ನ ಉದ್ಯೋಗ ನಮ್ಮ ಮನೆಗೆಲಸ. ಅದರ ಜೊತೆಗೆ ಸೊಲ್ಲಾಪುರದ ಅಕ್ಕಲಕೋಟ ರಸ್ತೆಯ ಎಂಐಡಿಸಿ ಕೈಗಾರಿಕಾ ವಸಾಹತಿನಲ್ಲಿ, ಗಂಡನ ಶೆಡ್ಡಿನಲ್ಲಿ ಮೂವತ್ತು ವರ್ಷ ಕಾರಿನ ಸೀಟು ಹೊಲಿದೆ. ಡೆಂಟಿಂಗ್, ಪೇಂಟಿಂಗ್ ಅವರದು. ಆ ಸಲ ಬಂದದ್ದು ಊರಿನ ವ್ಯಾಪಾರಿಯೊಬ್ಬರ ಹಳೆಯ ಸ್ಪೋರ್ಟ್ಸ್ ಕಾರು. ಎರಡನೆಯ ಮಹಾಯುದ್ಧ ಮುಗಿದ ಮೇಲೆ ಇಂಗ್ಲೆಂಡಿನಲ್ಲಿ ತಯಾರಾದದ್ದು. ಎರಡೇ ಸೀಟು, ಬಟ್ಟೆಯ ಹುಡ್, ತಂತಿ ಕಡ್ಡಿಯ ಗಾಲಿ, ಉದ್ದನೆಯ ಬಾನೆಟ್. ಅಂಥವೇ ಇನ್ನೆರಡು ಅವರ ಗೋದಾಮಿನಲ್ಲಿದ್ದವು. ಹಳೆಯ ಕಾರುಗಳ ಶೋನಲ್ಲಿ ಇದಕ್ಕೆ ನಂಬರ್, ಅಂದರೆ ಬಹುಮಾನ, ಬಂದರೆ ಅವೆರಡರ ಕೆಲಸವೂ ನಮಗೆ ಎಂದು ಮಾತಾಗಿತ್ತು. ಇಲ್ಲದಿದ್ದರೆ ಶೆಡ್ಡಿಗೆ ಬೀಗವೇ. ನನ್ನವರ ಬಲಗೈ ನಡುಗಲು ಶುರುವಾಗಿತ್ತು, ಬೇರೆ ಯಾರೂ ಕೆಲಸ ಕೊಡುತ್ತಿರಲಿಲ್ಲ. ಎಡಗೈಯಿಂದ ಬಲಗೈ ಹಿಡಿದುಕೊಂಡೇ ಸ್ಪ್ರೇ ಹೊಡೆದು, ಇಡೀ ಕಾರಿಗೆ ಬೆಣ್ಣೆ ಬಣ್ಣ ಹಾಕಿದ್ದರು.

ಶೆಡ್ಡಿನಿಂದ ಯಾವ ಗಾಡಿ ಹೊರಟರೂ ಮೊದಲ ಟ್ರಯಲ್ ಅಕ್ಕಲಕೋಟಕ್ಕೆ. ಅಲ್ಲಿನ ಗುಡಿಯ ಮುಂದೆ ಕಾಯಿ ಒಡೆದೇ ಮಾಲೀಕರಿಗೆ ಕೊಡುವುದು ನಮ್ಮ ಪದ್ಧತಿ. ಶೋದ ಹಿಂದಿನ ದಿನ ಅಕ್ಕಲಕೋಟಕ್ಕೆ ಹೊರಟೆವು. ಬಣ್ಣ ಹಾಕಿ ಎಂಟೇ ದಿನವಾಗಿತ್ತು. ಹಳೆಯ ನಮೂನೆಯ ಲ್ಯಾಕರ್ ಬಣ್ಣ ಮುಟ್ಟಿದರೆ ಒಣಗಿದಂತಿರುತ್ತದೆ, ಒಳಗೆ ತಿಂಗಳಾದರೂ ಹಸಿ.

ಗುಡಿಯ ಹತ್ತಿರ ಹೂ ಮಾರುವವಳು ಕಾರಿನ ಸುತ್ತ ತಿರುಗಿ, “ಎರಡ ಸೀಟ ಏನ್ರಿ ಅಕ್ಕಾ? ಅತ್ತಿ ಬರಬಾರ್ದಂತ ಮಾಡಿಸೀರೇನು?” ಎಂದು ನಗಿಸಿದಳು.

ನನ್ನವರು ಕಾಯಿ ತರಲು ಹೋಗುತ್ತ ಹೇಳಿದ್ದರು, “ಅರಿಶಿನ ಹಚ್ಚೂದಾದ್ರ ಬಂಪರ್‌ಗೆ ಹಚ್ಚು. ಬಾನೆಟ್ ಮುಟ್ಟಬ್ಯಾಡ.”

ದೇವರ ಅರಿಶಿನ ಕುಂಕುಮವನ್ನು ಕಾಲಿನ ಎತ್ತರಕ್ಕೆ ಹಚ್ಚಲು ನನಗೆ ಮನಸ್ಸಾಗಲಿಲ್ಲ. ಎಣ್ಣೆಯಲ್ಲಿ ಕಲಸಿ ಬಾನೆಟ್ಟಿನ ನಡುವೆ ಹಚ್ಚಿದೆ. ಅವರು ಬಂದು ನೋಡಿ ಜೇಬಿನಿಂದ ಬಟ್ಟೆ ತೆಗೆದರು. ಗುಡಿಯ ಮುಂದೆ ಒರೆಸುವುದು ಹೇಗೆಂದು ಅದನ್ನು ಮತ್ತೆ ಒಳಗಿಟ್ಟು ಕಾಯಿ ಒಡೆದರು. ಬಿಸಿಲಲ್ಲಿ ವಾಪಸು ಬಂದು ಒರೆಸಿದರೆ ಅಂಗೈಯಗಲ ಹಳದಿ ಕಲೆ. ಸಂಜೆಯವರೆಗೆ ಪಾಲಿಶ್ ಉಜ್ಜಿದರು. ಉಜ್ಜಿದಷ್ಟೂ ಹೊಳಪು ಹೋಯಿತು, ಕಲೆ ಹೋಗಲಿಲ್ಲ.

ಗೋಂದು ಆರದ ಸೀಟಿನ ಮೇಲೆ ಮಾಲೀಕರನ್ನೂ ಕೂರಗೊಡದವಳು ನಾನು. ಹಸಿ ಕೆಲಸವನ್ನು ಮುಟ್ಟಬಾರದು ಎಂದು ಮೂವತ್ತು ವರ್ಷ ಊರಿಗೆಲ್ಲ ಹೇಳಿದೆ. ಕೈಯಲ್ಲಿ ಅರಿಶಿನವಿದ್ದಾಗ ಆ ಮಾತು ನನಗೆ ಸಂಬಂಧಿಸಿದ್ದೆಂದು ಅನಿಸಲೇ ಇಲ್ಲ. ಕೆಲಸ ಕಲಿಸಿದ ಪಾಠ ಇದೊಂದೇ. ಕಲಿತದ್ದು ತಡವಾಗಿ.

ಭಾನುವಾರ ಸಂಜೆ ನನ್ನವರು ಆಟೋದಲ್ಲಿ ಬಂದರು. ಕಾರನ್ನು ಮಾಲೀಕರು ಶೋ ನಡೆದ ಮೈದಾನದಿಂದಲೇ ಗೋದಾಮಿಗೆ ಒಯ್ದಿದ್ದರು.

“ಕಲಿ ಹೆಂಗಾತು ಅಂತ ಕೇಳಿದ್ರೇನು?”

“ಕೇಳಿದ್ರು. ಕೈ ನಡಗಿ ಪಾಲಿಶ್ ಕೆಟ್ತು ಅಂದೆ.”

“ನನ್ನ ಹೆಸರು ಯಾಕ ಹೇಳ್ಲಿಲ್ರಿ?”

“ದೇವರಿಗಿ ಹಚ್ಚಿದ್ದನ್ನ ನಾಕು ಮಂದ್ಯಾಗ ತಪ್ಪು ಅನ್ನಲ್ಯಾ? ಮಾಲೀಕರು ಬೆನ್ನ ಮ್ಯಾಲ ಕೈ ಇಟ್ಟು, ‘ಮಿಸ್ತ್ರಿ, ಆತಾ ಆರಾಮ್ ಕರಾ’ ಅಂದ್ರು. ಗೋದಾಮಿನ ಆ ಎರಡೂ ಗಾಡಿ ಪುಣೆಗಿ ಹೊಂಟಾವ.”

ಈಗ ವಿಶ್ರಾಂತಿ ತಗೊಳ್ಳಿ ಎಂದು ಅಷ್ಟು ಪ್ರೀತಿಯಿಂದ ಹೇಳಿದರೆ ಜಗಳವಾಡುವುದಾದರೂ ಹೇಗೆ?

“ನಾಳೆ ನಾ ಹೋಗಿ ಖರೇ ಹೇಳ್ತೀನಿ,” ಎಂದೆ.

“ಹೇಳಿ ಏನ್ ಮಾಡ್ತಿ? ಗಾಡಿ ಒಪ್ಪಿಸಿದ ಕಾಗದಕ್ಕ ಸಹಿ ಮಾಡು ಅಂತ ಪೆನ್ನು ಕೊಟ್ರು. ಎಲ್ಲಾರೂ ನನ್ನ ಕೈನ ನೋಡಾಕತ್ತಿದ್ರು. ಕಲಿ ಯಾರದಾದ್ರೇನು, ಈ ಕೈಗಿ ಇನ್ನ ಕೆಲಸ ಯಾರು ಕೊಡ್ತಾರ?”

ತಾಟು ಹಾಕಿದೆ. ಊಟ ಬೇಡವೆನ್ನಲಿಲ್ಲ, ಅಷ್ಟಾದರೂ ದೇವರ ದಯೆ. ಎಡಗೈಯಿಂದ ಬಲಗೈ ಹಿಡಿದುಕೊಂಡು ತುತ್ತು ಎತ್ತಿದರು. ನೋಡಲಾಗದೆ ಮುಖ ತಿರುಗಿಸಿದೆ.

ಅಷ್ಟರಲ್ಲಿ ಹೊರಗೆ ನಳ ಬಂತು. ನಮ್ಮ ಓಣಿಗೆ ಐದು ದಿನಕ್ಕೊಮ್ಮೆ ನೀರು. ಎದ್ದು ಹೋಗಿ ಕೊಡ ತೊಳೆದು ನಳಕ್ಕೆ ಹಿಡಿದೆ.