ಕಾಲಿಗೆ ಹೊಡೆದ ಏಟು

ಮನುಷ್ಯನ ಒಳಗುಣ ಬಯಲಾಗುವುದು ರಣರಂಗದಲ್ಲಿಯೇ ಎಂದು ನಾನು ಗಂಭೀರವಾಗಿ ನಂಬಿದ್ದೇನೆ. ನನ್ನದು ಬಯಲಾದದ್ದು ತೋವಿನಕೆರೆಯಲ್ಲಿ, ಅಕ್ಕನ ಮನೆಯ ನಡುಮನೆಯಲ್ಲಿ, ಚಾಪೆಯ ಮೇಲೆ ಚಕ್ಕಂಬಕ್ಕಳ ಹಾಕಿಕೊಂಡು ವಿಡಿಯೋ ಗೇಮ್ ಆಡುವಾಗ. ನನ್ನ ಭಾವ ರಂಗಧಾಮಯ್ಯನವರಿಗೆ ಕಣ್ಣು ಸರಿಯಾಗಿ ಕಾಣುತ್ತಿಲ್ಲ ಎಂಬ ಸಂಗತಿ ಅವರಿಗಿಂತ ಮೊದಲು ನನಗೆ ತಿಳಿದಿತ್ತು. ನಾನು ಹೇಳಲಿಲ್ಲ. ಹೇಳದಿದ್ದುದಕ್ಕೆ ಕಾರಣ — ಬರೆಯಲು ಕೈ ಹಿಂಜರಿಯುತ್ತದೆ — ಆಟದಲ್ಲಿ ಗೆಲ್ಲುತ್ತಿದ್ದೆ.

ನಾನು ಮಧುಗಿರಿಯಲ್ಲಿ ಸರ್ಕಾರಿ ಗುಮಾಸ್ತ. ಆಗ ವಯಸ್ಸು ನಲವತ್ತರ ಹತ್ತಿರ. ಭಾವ ನನಗಿಂತ ಹಿರಿಯರು. ಲಗೇಜ್ ಆಟೋ ಓಡಿಸುತ್ತಿದ್ದರು. ಊರಿನವರ ಸೇವಂತಿಗೆ, ಕನಕಾಂಬರದ ಚೀಲಗಳನ್ನು ಬೆಳಿಗ್ಗೆ ತುಮಕೂರಿನ ಮಾರುಕಟ್ಟೆಗೆ ಮುಟ್ಟಿಸಿ ಬರುವುದು ಅವರ ಕೆಲಸ. ಮಗಳಿಗೆಂದು ತಂದ ಗೇಮ್ ಪೆಟ್ಟಿಗೆ ಅವರ ಮನೆಯಲ್ಲಿತ್ತು. ಮಗಳಿಗೆ ಬೇಗ ಬೇಸರ ಬಂತು, ಅಪ್ಪನಿಗೆ ಬರಲಿಲ್ಲ. ಭಾನುವಾರ ಬಂತೆಂದರೆ ನಾನು ಬೈಕ್ ಹತ್ತಿ ಕೊರಟಗೆರೆ ದಾಟಿ ತೋವಿನಕೆರೆಗೆ ಹಾಜರ್. ಅಕ್ಕ ಭಾಗ್ಯಮ್ಮ ಇದನ್ನು ತಮ್ಮನ ಪ್ರೀತಿ ಎಂದೇ ತಿಳಿದು ಕೋಳಿ ಸಾರು ಮಾಡುತ್ತಿದ್ದಳು.

ಆಟವೆಂದರೆ ಕುಸ್ತಿಯ ಮಾದರಿ. ಪರದೆಯ ಮೇಲೆ ಇಬ್ಬರು ಎದುರುಬದುರು ನಿಂತು ಹೊಡೆದಾಡುತ್ತಾರೆ. ಒಬ್ಬನು ನಾನು, ಒಬ್ಬರು ಭಾವ. ಅವರು ಯಾವಾಗಲೂ ಆರಿಸುತ್ತಿದ್ದದ್ದು ಹೊಟ್ಟೆ ಬಿಟ್ಟ ಒಬ್ಬ ಪೈಲ್ವಾನನನ್ನು. "ಇವ್ನು ನೋಡು, ಥೇಟ್ ನಮ್ಮ ಸೊಸೈಟಿ ಸೆಕ್ರೆಟ್ರಿ ಇದ್ದಂಗವ್ನೆ" ಎನ್ನುತ್ತಿದ್ದರು. ಆಮೇಲೆ ಕೈಗೆ ಸಿಕ್ಕ ಗುಂಡಿಯನ್ನೆಲ್ಲ, ಹುರುಳಿ ಬಡಿಯುವವರ ಹಾಗೆ, ಒಟ್ಟಿಗೆ ಒತ್ತುತ್ತಿದ್ದರು. ಸೆಕ್ರೆಟರಿ ಒಮ್ಮೆ ಹಾರುವನು, ಒಮ್ಮೆ ಉರುಳುವನು, ಒಮ್ಮೆ ಸುಮ್ಮನೆ ನಿಂತು ಎದೆ ತಟ್ಟಿಕೊಳ್ಳುವನು. ಮುಂದೇನು ಮಾಡುತ್ತಾನೆಂದು ಅವನಿಗೇ ತಿಳಿಯದು, ಇನ್ನು ನನಗೆ ಹೇಗೆ ತಿಳಿಯಬೇಕು! ಹೊಡೆಸಿಕೊಂಡು ಸೋಲುತ್ತಿದ್ದೆ.

ಅವರ ಆಟಕ್ಕೆ ಒಂದು ಕಟ್ಟಳೆಯೂ ಇತ್ತು. ಎದುರಾಳಿ ಕೆಳಗೆ ಬಿದ್ದರೆ ಅವನು ಏಳುವ ತನಕ ಮುಟ್ಟಬಾರದು. ನಾನು ಬಿದ್ದಾಗೆಲ್ಲ ಭಾವ ರಿಮೋಟನ್ನು ತೊಡೆಯ ಮೇಲಿಟ್ಟು, ಪಂಚೆಗೆ ಕೈ ಒರೆಸಿಕೊಂಡು, "ಏಳಪ್ಪಾ, ನಿಧಾನಕ್ಕೆ ಏಳು, ಕಾಪಿ ಗೀಪಿ ಕುಡೀತೀಯಾ?" ಎಂದು ವಿಚಾರಿಸುತ್ತಿದ್ದರು. ಈ ವಿಚಾರಣೆಯೇ ನನ್ನ ಹೊಟ್ಟೆ ಉರಿಸುತ್ತಿತ್ತು.

ನಾನು ಆಟವನ್ನು ಆಟವೆಂದು ಆಡಿದವನಲ್ಲ. ಫೋನಿನಲ್ಲಿ ದೊಡ್ಡ ದೊಡ್ಡ ಪಂದ್ಯಗಳನ್ನು ನೋಡಿ, ಅದರ ಶಾಸ್ತ್ರವನ್ನು ಇಲಾಖಾ ಪರೀಕ್ಷೆಗೆ ಓದಿದ್ದಕ್ಕಿಂತ ಶ್ರದ್ಧೆಯಿಂದ ಅಭ್ಯಾಸ ಮಾಡಿದ್ದೆ. ಶಾಸ್ತ್ರದ ಮೊದಲ ಪಾಠ: ಮೇಲೆ ಬರುವ ಏಟನ್ನು ನಿಂತು ತಡೆಯಬೇಕು, ಕಾಲಿಗೆ ಬರುವ ಏಟನ್ನು ಕುಕ್ಕರುಗಾಲಿನಲ್ಲಿ ಕೂತು ತಡೆಯಬೇಕು. ಎರಡನೆಯ ಪಾಠ: ಎದುರಾಳಿಯನ್ನು ಓದು. ಅವನ ದುರ್ಬಲ ಜಾಗ ಯಾವುದೆಂದು ಕಂಡುಹಿಡಿ. ಕಂಡ ಮೇಲೆ ಅಲ್ಲಿಗೇ ಹೊಡೆ, ಮತ್ತೆ ಅಲ್ಲಿಗೇ ಹೊಡೆ, ಅವನು ಅದಕ್ಕೆ ಉತ್ತರ ಹುಡುಕುವ ತನಕ. ಅದು ಮೋಸವಲ್ಲ — ಪಂದ್ಯವಾಡುವ ಎಲ್ಲರೂ ಹೀಗೆಯೇ ಆಡುತ್ತಾರೆ. ಇಂದಿಗೂ ನಾನು ಆ ಶಾಸ್ತ್ರವನ್ನು ದೂರುವುದಿಲ್ಲ. ಶಿರಾದಲ್ಲಿ ಸಂಕ್ರಾಂತಿ ಕಳೆದ ಮೇಲೆ ಇಂಥದೊಂದು ಪಂದ್ಯ ನಡೆಯುತ್ತದೆಂದು ಕೇಳಿ ಹೆಸರು ಕೊಟ್ಟು ಬಂದಿದ್ದೆ. ಅದಕ್ಕೆ ತಾಲೀಮು ಬೇಕಿತ್ತು. ತಾಲೀಮಿಗೆ ಭಾವ ಸಿಕ್ಕರು.

ಆ ಚಳಿಗಾಲದ ಒಂದು ಭಾನುವಾರ ನಾನು ಸುಮ್ಮನೆ ಕಾಲಿಗೆ ಹೊಡೆದೆ. ಭಾವ ತಡೆಯಲಿಲ್ಲ. ಮತ್ತೆ ಹೊಡೆದೆ. ತಡೆಯಲಿಲ್ಲ. ತಲೆಗೆ ಹೊಡೆದೆ, ಚಕ್ಕನೆ ತಡೆದರು. ಕಾಲಿಗೆ — ಇಲ್ಲ. ಅದಕ್ಕೂ ಮೊದಲಿನ ಮಳೆಗಾಲದಲ್ಲಿ ಇದೇ ಏಟನ್ನು ಅವರು ನಗುನಗುತ್ತಾ ತಡೆದದ್ದು ನನಗೆ ನೆನಪಿತ್ತು. ಸೋಲುವವನಿಗೆ ಇಂಥವೆಲ್ಲ ಚೆನ್ನಾಗಿ ನೆನಪಿರುತ್ತವೆ.

"ಯಾಕ್ಲಾ ಬರೀ ಕಾಲ್ಗೇ ಹೊಡಿತೀಯಾ? ನಾಯಿ ಹಿಡ್ಕಂಡಂಗೆ ಹಿಡ್ಕತೀಯಲ್ಲಾ ಮೂರ್ತಿ!"

"ಕೂತು ತಡೀರಿ ಭಾವ."

"ಬಂದಿದ್ದು ಕಂಡ್ರಲ್ವೇನಪ್ಪಾ ತಡ್ಯಾದು."

ಕಂಡರಲ್ಲವೇ ತಡೆಯುವುದು. ಇದಕ್ಕಿಂತ ಸ್ಪಷ್ಟವಾಗಿ ಯಾವ ರೋಗಿ ತನ್ನ ರೋಗವನ್ನು ಹೇಳಿಕೊಂಡಾನು? ನಾನು ಅಂದು ಪ್ರತಿ ಆಟವನ್ನೂ ಗೆದ್ದೆ. ಊಟಕ್ಕೆ ಏಳುವಾಗ ಭಾವ ಪಕ್ಕದಲ್ಲೇ ಇಟ್ಟಿದ್ದ ಚೊಂಬನ್ನು ಒದ್ದರು, ನೀರೆಲ್ಲ ಚಾಪೆಗೆ ಹರಿಯಿತು. "ಕಣ್ಣು ಎಲ್ಲಿಟ್ಕಂಡಿದೀರಾ?" ಎಂದು ಅಕ್ಕ ಗದರಿದಳು. ಭಾವ ನಕ್ಕರು. ನಾನೂ ನಕ್ಕೆ.

ಮುಂದಿನ ವಾರಗಳಲ್ಲಿ ನಾನು ಮಾಡಿದ್ದನ್ನು ಮುಚ್ಚಿಡದೆ ಬರೆಯುತ್ತೇನೆ. ಪರೀಕ್ಷೆ ಮಾಡಿದೆ. ಏಟು ಸೊಂಟಕ್ಕೆ ಬಂದರೆ ಕಾಣುತ್ತದೆಯೇ? ಮಂಡಿಗೆ? ಟಿ.ವಿ.ಗೆ ಹತ್ತಿರ ಕೂತರೆ? ದೂರ ಕೂತರೆ? ಕಚೇರಿಯಲ್ಲಿ ಯಾವ ಕಡತವನ್ನೂ ಇಷ್ಟು ಆಳವಾಗಿ ನೋಡಿದ ದಾಖಲೆ ನನ್ನ ಸೇವಾವಧಿಯಲ್ಲಿಲ್ಲ. ಪರದೆಯ ಕೆಳಭಾಗ ಅವರ ಪಾಲಿಗೆ ಇಲ್ಲವೇ ಇಲ್ಲ ಎಂಬುದು ಖಚಿತವಾಯಿತು. ಹೊಸ್ತಿಲಿಗೆ ಎಡವುವುದನ್ನೂ ಕಂಡೆ, ಜಗಲಿಯ ಮೆಟ್ಟಿಲನ್ನು ಕಾಲಿನಿಂದ ತಡವಿ ಇಳಿಯುವುದನ್ನೂ ಕಂಡೆ. ಅಕ್ಕ ಕಾಣಲಿಲ್ಲವೇ ಎಂದರೆ, ಅವಳು ಗಂಡನನ್ನು ಎದುರಾಳಿಯಂತೆ ಓದಿದವಳಲ್ಲ. ನಾನು ಓದಿದ್ದೆ. ಓದಿ ತಿಳಿದದ್ದನ್ನು ಅವರ ಮೇಲೆಯೇ —

ಒಂದು ದಿನ ಆಟದ ನಡುವೆ ಭಾವ ರಿಮೋಟು ಕೆಳಗಿಟ್ಟರು. ಕಣ್ಣುಜ್ಜಿಕೊಂಡರು. "ಕೆಳಗಡೀಕೆ ಏನೋ ಮಬ್ಬು ಮಬ್ಬಾಗೈತಲ್ಲೋ ಮೂರ್ತಿ. ಟಿ.ವಿ. ಹೋಗ್ಬುಡ್ತಾ ಅಂತ?"

ಟಿ.ವಿ. ಚೆನ್ನಾಗಿತ್ತು. ನನ್ನ ಎರಡು ಕಣ್ಣುಗಳ ಮುಂದೆ ಅದು ಮೂಲೆಯಿಂದ ಮೂಲೆಗೆ ಝಗಝಗ ಹೊಳೆಯುತ್ತಿತ್ತು. "ಕಣ್ಣು ತೋರಿಸೋಣ ಭಾವ" — ಇಷ್ಟು ಹೇಳಿದ್ದರೆ ಸಾಕಿತ್ತು. ನಾಲಗೆಯ ತುದಿಗೆ ಬಂದಿತ್ತು. ಆದರೆ ಶಿರಾ ಪಂದ್ಯ ಹತ್ತಿರವಿತ್ತು, ಕೈ ಪಳಗುತ್ತಿತ್ತು, ಜೀವಮಾನದಲ್ಲಿ ಮೊದಲ ಸಲ ನಾನು ಯಾರನ್ನೋ ಸತತವಾಗಿ ಸೋಲಿಸುತ್ತಿದ್ದೆ. ತಿಳಿದವನ ಠೀವಿಯಲ್ಲಿ ಹೇಳಿದೆ:

"ಹೌದು ಭಾವ. ಹಳೇ ಟಿ.ವಿ. ಅಲ್ವಾ, ಕೆಳಗಡೆಯಿಂದಲೇ ಹೋಗ್ತಾ ಬರುತ್ತೆ."

ಭಾವ ನಂಬಿದರು. ಅವರು ನನ್ನ ಮಾತನ್ನು ಯಾವಾಗಲೂ ನಂಬುತ್ತಿದ್ದರು. ಮನೆಯಲ್ಲಿ ಓದಿದವನು, ಸರ್ಕಾರಿ ಕೆಲಸದಲ್ಲಿರುವವನು ನಾನೊಬ್ಬನೇ. ಆ ತಿಂಗಳೇ ಕೊರಟಗೆರೆಗೆ ಹೋಗಿ ಹೊಸ ಟಿ.ವಿ. ತಂದರು. ಆರಿಸಲು ನನ್ನನ್ನೇ ಕರೆದುಕೊಂಡು ಹೋಗಿದ್ದರು. ಅದನ್ನು ಗೋಡೆಗೆ ಹಾಕಿ, ಅಕ್ಕ ಕುಂಕುಮವಿಟ್ಟು, ನಾವು ಕೂತು ಆಟ ಶುರುಮಾಡಿದ ಸ್ವಲ್ಪ ಹೊತ್ತಿಗೆ ಭಾವ ಮೆಲ್ಲಗೆ ಅಂದರು: "ಇದ್ರಾಗೂ ಅಂಗೇ ಐತಲ್ಲೋ."

"ಹೊಸದರಲ್ಲಿ ಹಂಗಿರುತ್ತೆ ಭಾವ. ಸೆಟ್ಟಿಂಗ್ ಮಾಡ್ಬೇಕು" ಎಂದು ನಾನು ಎದ್ದು ಬೆಳಕು ಹೆಚ್ಚಿಸಿದೆ, ಬಣ್ಣ ತಗ್ಗಿಸಿದೆ, ಮತ್ತೆ ಹೆಚ್ಚಿಸಿದೆ. "ಈಗ?"

"ಈಗ... ವಾಸಿ ಕಣಪ್ಪ. ಈಗ ಪರವಾಗಿಲ್ಲ."

ನನಗೆ ಬೇಜಾರಾಗದಿರಲಿ ಎಂದು ಹಾಗೆ ಹೇಳಿದ್ದರು. ಅದೂ ನನಗೆ ಗೊತ್ತಾಗಿತ್ತು. ನಾನು ಕೂತು, ರಿಮೋಟು ತೆಗೆದುಕೊಂಡು, ಅವರ ಕಾಲಿಗೆ ಹೊಡೆದೆ.

ಶಿರಾ ಪಂದ್ಯ ಒಂದು ಮೊಬೈಲ್ ಅಂಗಡಿಯ ಮಹಡಿಯಲ್ಲಿ ನಡೆಯಿತು. ಇಸ್ತ್ರಿ ಮಾಡಿದ ಅಂಗಿ ಹಾಕಿಕೊಂಡು ಹೋಗಿದ್ದವನು ಅಲ್ಲಿ ನಾನೊಬ್ಬನೇ. ಯಾರೋ ನನ್ನನ್ನು ಯಾವುದೋ ಹುಡುಗನ ತಂದೆಯೆಂದು ತಿಳಿದು ಕುರ್ಚಿ ಕೊಟ್ಟರು. ಮೊದಲ ಸುತ್ತಿನಲ್ಲಿ ನನ್ನ ಎದುರು ಕೂತವಳು ಪಿ.ಯು.ಸಿ. ಓದುವ ಒಬ್ಬಳು ಹುಡುಗಿ. ನಾನು ಕಾಲಿಗೆ ಹೊಡೆದೆ. ಕೂತು ತಡೆದಳು. ಮತ್ತೆ ಕಾಲಿಗೆ. ತಡೆದಳು, ತಡೆದು ತಿರುಗಿಸಿ ಹೊಡೆದಳು. ನನಗೆ ಬೇರೇನೂ ಹೊಳೆಯಲಿಲ್ಲ. ಆ ಚಳಿಗಾಲವೆಲ್ಲ ಬೇರೇನನ್ನೂ ನಾನು ಕಲಿತೇ ಇರಲಿಲ್ಲ.

"ಅಂಕಲ್, ಬರೀ ಕಾಲ್ಗೇ ಹೊಡೀತೀರಲ್ಲಾ" ಎಂದಳು, ಪರದೆಯಿಂದ ಕಣ್ಣು ತೆಗೆಯದೆ. "ಯಾರ್ ಜೊತೆ ಪ್ರಾಕ್ಟೀಸ್ ಮಾಡಿದ್ದು?"

ಹಿಂದೆ ನಿಂತಿದ್ದವರೆಲ್ಲ ನಕ್ಕರು. ಕಣ್ಣು ಕಾಣದವರ ಜೊತೆಯಮ್ಮ ಎಂದು ಹೇಳಲು ಆಗುತ್ತಿತ್ತೇ? ಮೆಟ್ಟಿಲಿಳಿದು ಬಂದು ಬಸ್ ನಿಲ್ದಾಣದ ಎದುರು ಒಂದು ಚಹಾ ಕುಡಿದೆ. ಅಲ್ಲಿಂದಲೇ ಫೋನು ಮಾಡಿ ಹೇಳಬಹುದಿತ್ತು. ಪಂದ್ಯ ಮುಗಿದಿತ್ತು, ಪಂದ್ಯ ಮುಗಿಯಲಿ ಎಂಬ ನನ್ನ ನೆಪವೂ ಮುಗಿದಿತ್ತು. ಫೋನು ಮಾಡಿದೆ ಕೂಡ. "ಗೆದ್ಯೇನ್ಲಾ?" ಎಂದು ಭಾವ ಆ ಕಡೆಯಿಂದ ಕೂಗಿದರು. "ಇಲ್ಲ ಭಾವ." "ಓಗ್ಲಿ ಬುಡು, ಆಟ ತಾನೆ. ಭಾನ್ವಾರ ಬಾ." ಇಷ್ಟೇ ಮಾತಾಯಿತು.

ಆಮೇಲೆ ಹೇಳದಿದ್ದುದಕ್ಕೆ ಆಟವನ್ನು ದೂರುವಂತಿಲ್ಲ. ಅದು ಬರೀ ನಾಚಿಕೆ. ನಿಮಗೆ ಕಣ್ಣು ಕಾಣುತ್ತಿಲ್ಲ ಎಂದರೆ, ನಿನಗೆ ಹೇಗೆ ಗೊತ್ತು ಎಂದು ಕೇಳುತ್ತಾರೆ. ಯಾವಾಗಿನಿಂದ ಗೊತ್ತು ಎಂದು ಕೇಳುತ್ತಾರೆ. ಹೊಸ ಟಿ.ವಿ. ಗೋಡೆಯ ಮೇಲೆ ಸಾಕ್ಷಿಯ ಹಾಗೆ ನೇತಾಡುತ್ತಿತ್ತು. ಈ ವಾರ ಬೇಡ, ಬರುವ ವಾರ — ಬರುವ ವಾರ ಹೇಳುವುದು ಈ ವಾರಕ್ಕಿಂತ ಕಷ್ಟವಾಗುತ್ತಿತ್ತು. ಕೊನೆಗೆ ನಾನು ಕಂಡುಕೊಂಡ ಪರಿಹಾರವೆಂದರೆ ತೋವಿನಕೆರೆಗೆ ಹೋಗುವುದನ್ನೇ ಕಡಿಮೆ ಮಾಡಿದ್ದು. ಕಚೇರಿ ಕೆಲಸ ಜಾಸ್ತಿ ಎಂದೆ. ಆ ಮಾತನ್ನು ಸರ್ಕಾರಿ ನೌಕರನ ಬಾಯಲ್ಲಿ ಕೇಳಿಯೂ ಅಕ್ಕ ನಂಬಿದಳು.

ಬೇಸಿಗೆ ಕಳೆದ ಮೇಲೆ ಒಂದು ಬೆಳಿಗ್ಗೆ ಭಾವ ಹೂವಿನ ಚೀಲ ತುಂಬಿಕೊಂಡು ಹೊರಟಿದ್ದರು. ರಸ್ತೆ ರಿಪೇರಿಗೆಂದು ಪಕ್ಕದಲ್ಲಿ ಜಲ್ಲಿ ಸುರಿದಿದ್ದರು. ಮಂಡಿಯೆತ್ತರದ ರಾಶಿ. ಚಕ್ರ ಅದರ ಮೇಲೆ ಹತ್ತಿ ಆಟೋ ಮಗುಚಿತು. ಹೆಗಲ ಮೂಳೆ ಮುರಿಯಿತು. ಹಗಲು ಬೆಳಕಿನಲ್ಲಿ ಅಷ್ಟು ದೊಡ್ಡ ರಾಶಿ ಹೇಗೆ ಕಾಣಲಿಲ್ಲ ಎಂದು ತುಮಕೂರಿನ ಆಸ್ಪತ್ರೆಯಲ್ಲಿ ಕೇಳಿದರು. ಕೇಳಿ, ಕಣ್ಣಿನ ವಿಭಾಗಕ್ಕೆ ಕಳಿಸಿದರು.

ಕಣ್ಣಿನ ಡಾಕ್ಟರು ಬೆರಳನ್ನು ಭಾವನ ಗಲ್ಲದ ಕೆಳಗಿನಿಂದ ಮೇಲೆ ತರುತ್ತಾ, "ಕಂಡಾಗ ಹೇಳಿ" ಎಂದರು. ಬೆರಳು ಮೂಗಿನ ಮಟ್ಟ ದಾಟಿತು. ಭಾವ ಹೇಳಲೇ ಇಲ್ಲ. ಗ್ಲಾಕೋಮಾ ಎಂದರು. ಕಣ್ಣಿನೊಳಗೆ ಒತ್ತಡ ಏರಿ ನರ ಸಾಯುತ್ತದೆಯಂತೆ. ನೋವಿರುವುದಿಲ್ಲವಂತೆ. ಹೋದದ್ದು ಬರುವುದಿಲ್ಲ, ಬೇಗ ಬಂದಿದ್ದರೆ ಇದ್ದದ್ದನ್ನು ಹಿಡಿದು ನಿಲ್ಲಿಸಬಹುದಿತ್ತು, ಈಗ ಎರಡೂ ಕಣ್ಣಿನ ನರ ಬಹಳ ಹಾಳಾಗಿದೆ, ಪ್ರಯತ್ನ ಮಾಡೋಣ ಎಂದರು. "ಯಾವಾಗಿಂದ ಹೀಗಿದೆ?"

"ಗೊತ್ತೇ ಆಗ್ಲಿಲ್ಲ ಸಾ. ಟಿ.ವಿ. ಕೆಟ್ಟೈತೆ ಅಂತ ಅಂದ್ಕಂಡಿದ್ದೆ."

ಅಕ್ಕ ನನ್ನ ಕಡೆ ತಿರುಗಿದಳು. ಅವಳ ಮುಖದಲ್ಲಿ ಅನುಮಾನವಿರಲಿಲ್ಲ, ಅದೇ ನನ್ನನ್ನು ಇಂದಿಗೂ ಕಾಡುವುದು. "ವಾರ ವಾರ ಜೊತೇಲಿ ಕೂತಿರ್ತಿದ್ದೆಯಲ್ಲೋ ಮೂರ್ತಿ. ನಿಂಗೂ ಏನೂ ಗೊತ್ತಾಗ್ಲಿಲ್ವೇನೋ?"

"ಇಲ್ಲಕ್ಕ."

ಎರಡು ಅಕ್ಷರ ಸಾಕಾಗುತ್ತಿದ್ದರೂ ಅಕ್ಕ ಎಂಬುದನ್ನೂ ಸೇರಿಸಿದ್ದೆ.

ಅದಾಗಿ ಕೆಲವು ವರ್ಷಗಳಾದವು. ಆಪರೇಷನ್ ಆಯಿತು, ಹನಿ ಔಷಧ ಆಯಿತು, ಬೆಂಗಳೂರಿನ ದೊಡ್ಡ ಆಸ್ಪತ್ರೆಯೂ ಆಯಿತು. ಎಲ್ಲದಕ್ಕೂ ನಾನು ಮುಂದೆ ನಿಂತು ಓಡಾಡಿದೆ. ಇಂಥ ತಮ್ಮ ಯಾರಿಗೆ ಸಿಗುತ್ತಾನೆ ಎಂದು ಅಕ್ಕ ಬಂದವರಿಗೆಲ್ಲ ಹೇಳುತ್ತಿದ್ದಳು. ಆ ಹೊಗಳಿಕೆಯನ್ನು ಕೇಳಿಸಿಕೊಂಡು ನಾನು ಊಟವನ್ನೂ ಮಾಡಿದ್ದೇನೆ.

ಇಲ್ಲಿಯ ತನಕ ಬರೆದು ಮುಗಿಸಿದಾಗ ಒಂದು ವಿಷಯ ತಲೆಗೆ ಬಂತು. ಇದನ್ನು ಕೊಟ್ಟರೂ ಭಾವ ಓದಲಾರರು. ಅಕ್ಕನೇ ಓದಿ ಹೇಳಬೇಕು. ನನ್ನ ತಪ್ಪನ್ನು ಅವಳ ಬಾಯಿಂದ ಅವರಿಗೆ ಹೇಳಿಸುವುದು — ಅಷ್ಟು ಕೆಳಕ್ಕೆ ಇಳಿಯಬಾರದು ಎಂದುಕೊಂಡು ಹೋದ ಭಾನುವಾರ ತೋವಿನಕೆರೆಗೆ ಹೋದೆ. ಇಬ್ಬರನ್ನೂ ಜಗಲಿಯಲ್ಲಿ ಕೂರಿಸಿ ಬಾಯಲ್ಲೇ ಹೇಳಿದೆ. ಟಿ.ವಿ. ವಿಷಯಕ್ಕೆ ಬಂದಾಗ ಅಕ್ಕ ಎದ್ದು ಒಳಗೆ ಹೋದಳು. ಭಾವ ಪೂರ್ತಿ ಕೇಳಿದರು.

"ಅಂಗಾರೆ ನಾನು ಆಟ ಬರ್ದೆ ಸೋತಿದ್ದಲ್ಲ ಅನ್ನು" ಎಂದರು.

ನಗಿಸಲು ಹೇಳಿದರೋ, ಚುಚ್ಚಲು ಹೇಳಿದರೋ, ತಿಳಿಯಲಿಲ್ಲ. ಅವರ ಮುಖವನ್ನು ಓದಲು ನನಗೆ ಆಗಲಿಲ್ಲ. ಆಮೇಲೆ ಒಳಗೆ ಹೋಗಲು ಎದ್ದರು. ನಾನು ಕೈ ಹಿಡಿಯಲು ಹೋದೆ. ಭಾವ ಕೈ ಬಿಡಿಸಿಕೊಂಡು ಮಗಳನ್ನು ಕೂಗಿದರು.

ಭಾವನ ಎಡಗಣ್ಣು ಪೂರ್ತಿ ಹೋಗಿದೆ. ಬಲಗಣ್ಣಿಗೆ ಬೆಳಕು, ಕತ್ತಲೆ ಇಷ್ಟು ತಿಳಿಯುತ್ತದೆ.